ಮಸಾಲೆ ದೋಸೆಯ ಕ್ಲಾಸನ್ನು ಎರಡು ಸಲ ಮುರಿದು ಕಟ್ಟಿದ್ದು: ಒಂದು ಸಮ್ಮೇಳನ ಉಪನ್ಯಾಸದ ಕೆಲಸದ ದಾಖಲೆ

ಮುಂಬೈಯ ಅಂಧೇರಿ ಪೂರ್ವದಲ್ಲಿ ಕಳೆದ ಶನಿವಾರ ನಡೆದ ಸಾಫ್ಟ್‌ವೇರ್ ಡೆವಲಪರ್‌ಗಳ ಸಮ್ಮೇಳನದಲ್ಲಿ ನಾನು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ (ದತ್ತಾಂಶವನ್ನೂ ಅದರ ಮೇಲೆ ಮಾಡುವ ಕೆಲಸವನ್ನೂ ಆಬ್ಜೆಕ್ಟ್ ಎಂಬ ಘಟಕಗಳಲ್ಲಿ ಒಟ್ಟಿಗಿಟ್ಟು ಪ್ರೋಗ್ರಾಂ ಕಟ್ಟುವ ಕ್ರಮ) ಕುರಿತು 30 ನಿಮಿಷಗಳ ಉಪನ್ಯಾಸ ನೀಡಿದೆ. ಸಿದ್ಧತೆಗೆ 42 ದಿನಗಳು ಹಿಡಿದವು. ಡೊಂಬಿವಲಿಯ ಮನೆಗೆ ರಾತ್ರಿ ಮರಳಿದ ಮೇಲೆ ಆಯಾ ದಿನ ಮಾಡಿದ್ದನ್ನೂ ಕೆಡಿಸಿದ್ದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಆ ಟಿಪ್ಪಣಿಗಳನ್ನೇ ಕ್ರಮಕ್ಕೆ ತಂದು ಇಲ್ಲಿ ಕೊಟ್ಟಿದ್ದೇನೆ. ಕ್ಲಾಸ್ ಎಂದರೇನು, ಆಬ್ಜೆಕ್ಟ್ ಎಂದರೇನು ಎಂಬ ಪಾಠ ಇದರಲ್ಲಿಲ್ಲ; ಕ್ಲಾಸ್ ಎಂದರೆ ಅಚ್ಚು, ಆಬ್ಜೆಕ್ಟ್ ಎಂದರೆ ಅದರಿಂದ ಮಾಡಿದ ವಸ್ತು ಎಂದಷ್ಟು ತಿಳಿದರೆ ಸಾಕು.

ಬಳಸಿದ ಸಲಕರಣೆಗಳು ಇಷ್ಟು: 14 ಇಂಚಿನ ಲ್ಯಾಪ್‌ಟಾಪ್, ಪ್ರೋಗ್ರಾಂ ಬರೆಯಲು ಪೈಥಾನ್ 3.12 ಭಾಷೆ, ಸ್ಲೈಡ್‌ಗಳಿಗೆ ಲಿಬ್ರೆಆಫೀಸ್ ಇಂಪ್ರೆಸ್, ಕೋಡಿನ ಹಂತಗಳನ್ನು ಕಾದಿಡಲು ಗಿಟ್, ಸಮಯ ಅಳೆಯಲು ಫೋನಿನ ಧ್ವನಿಮುದ್ರಕ, ಮತ್ತು ಒಂದು ಅಳತೆಯ ಟೇಪು. ಟೇಪಿನ ಉಪಯೋಗವೇನೆಂದು ಮುಂದೆ ತಿಳಿಯುತ್ತದೆ.

ಇನ್ನು 42 ದಿನ: ಒಪ್ಪಿಗೆ ಮತ್ತು ಮೊದಲ ಕರಡು

ಉಪನ್ಯಾಸ ಆಯ್ಕೆಯಾಗಿದೆ ಎಂಬ ಮಿಂಚಂಚೆ ಬಂದ ದಿನವೇ ಕುಳಿತು 64 ಸ್ಲೈಡ್‌ಗಳನ್ನು ಮಾಡಿದೆ. ಅಷ್ಟು ಬೇಗ ಅಷ್ಟೊಂದು ಆದದ್ದಕ್ಕೆ ಕಾರಣ ಸರಳವಾಗಿತ್ತು. ಎನ್‌ಕ್ಯಾಪ್ಸುಲೇಶನ್ (ಒಳಗಿನದನ್ನು ಮುಚ್ಚಿಡುವುದು), ಅಬ್‌ಸ್ಟ್ರಾಕ್ಷನ್ (ಬೇಕಾದಷ್ಟನ್ನೇ ತೋರಿಸುವುದು), ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನ ಗುಣ ಇನ್ನೊಂದಕ್ಕೆ ಬರುವುದು), ಪಾಲಿಮಾರ್ಫಿಸಂ (ಒಂದೇ ಕರೆಗೆ ಬೇರೆಬೇರೆ ಆಬ್ಜೆಕ್ಟ್‌ಗಳು ತಮ್ಮದೇ ರೀತಿಯಲ್ಲಿ ಓಗೊಡುವುದು) ಎಂಬ ಈ ವಿಷಯದ ನಾಲ್ಕು ಕಂಬಗಳನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಕ್ರಮದಲ್ಲೇ ಇಳಿಸಿದ್ದೆ. ಮೊದಲ 9 ಸ್ಲೈಡ್‌ಗಳು ಇತಿಹಾಸಕ್ಕೆ ಹೋಗಿದ್ದವು.

ಆ ಇತಿಹಾಸದಲ್ಲೇ ಮೊದಲ ತಪ್ಪು ಸಿಕ್ಕಿತು. ಸ್ಮಾಲ್‌ಟಾಕ್ ಮೊಟ್ಟಮೊದಲ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ವಾಸ್ತವದಲ್ಲಿ ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್, ವರ್ಚುವಲ್ ಪ್ರೊಸೀಜರ್ (ಕೆಳಗಿನ ಕ್ಲಾಸ್ ತನಗೆ ಬೇಕಾದಂತೆ ಬದಲಿಸಿಕೊಳ್ಳಬಹುದಾದ ಕೋಡ್ ಭಾಗ) ಇವೆಲ್ಲವೂ ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67ರಲ್ಲಿಯೇ ಇದ್ದವು. ಅವರಿಬ್ಬರಿಗೂ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ರಲ್ಲಿ ಬಂದದ್ದು ಆ ಕೆಲಸಕ್ಕಾಗಿಯೇ. ಆಬ್ಜೆಕ್ಟ್ ಓರಿಯೆಂಟೆಡ್ ಎಂಬ ಹೆಸರನ್ನು ಕೊಟ್ಟು, 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕನ್ನು ಬೆಳೆಸಿದವರು ಅಲನ್ ಕೇ ಮತ್ತು ಅವರ ಸಂಗಡಿಗರು. ಹೆಸರಿಟ್ಟವರನ್ನೂ ಹೆತ್ತವರನ್ನೂ ನಾನು ಒಂದೇ ಮಾಡಿದ್ದೆ. ತಿದ್ದಿದ ಮೇಲೆ ಉಳಿದದ್ದು ಒಂದೇ ಸ್ಲೈಡ್: 1967, 1972, 1985, 1995 ಎಂಬ ನಾಲ್ಕು ಇಸವಿಗಳು ಮತ್ತು ಅವುಗಳ ಎದುರು ಸಿಮುಲಾ, ಸ್ಮಾಲ್‌ಟಾಕ್, ಸಿ ಪ್ಲಸ್ ಪ್ಲಸ್, ಜಾವಾ.

ಇನ್ನು 38 ದಿನ: ಮೊದಲ ಅಳತೆ

ಬಾಗಿಲು ಹಾಕಿಕೊಂಡು, ಧ್ವನಿಮುದ್ರಕ ಚಾಲೂ ಮಾಡಿ, ಗೋಡೆಗೆ ಉಪನ್ಯಾಸ ಕೊಟ್ಟೆ. ಕೊನೆಯ ಸ್ಲೈಡ್‌ಗೆ ಬಂದಾಗ 47 ನಿಮಿಷ 20 ಸೆಕೆಂಡ್ ಆಗಿತ್ತು. ಮರುದಿನ ಲೋಕಲ್ ರೈಲಿನಲ್ಲಿ ಆ ಮುದ್ರಣವನ್ನು ಕೇಳಿದಾಗ ಇನ್ನೂ ಒಂದು ದೋಷ ಕಂಡಿತು: ನಾನು ನಿಮಿಷಕ್ಕೆ ಸುಮಾರು 165 ಪದಗಳಂತೆ ಓಡುತ್ತಿದ್ದೆ. ಮಾತನ್ನು 130 ಪದಗಳಿಗೆ ಇಳಿಸಿದರೆ ಅದೇ ಉಪನ್ಯಾಸ ಒಂದು ಗಂಟೆಯಾಗುತ್ತದೆ. ಅಂದರೆ ವಿಷಯದ ಅರ್ಧವನ್ನೇ ಕಿತ್ತೆಸೆಯಬೇಕಿತ್ತು. ಗೆಟರ್-ಸೆಟರ್‌ಗಳ (ಆಬ್ಜೆಕ್ಟಿನೊಳಗಿನ ದತ್ತಾಂಶವನ್ನು ಓದುವ, ಬದಲಿಸುವ ಕೋಡ್ ತುಂಡುಗಳ) 6 ಸ್ಲೈಡ್‌ಗಳು ಅಂದೇ ಹೋದವು. ಅವುಗಳಿಗಾಗಿ ನನಗೆ ಇಂದಿಗೂ ಬೇಸರವಿಲ್ಲ.

ಇನ್ನು 35 ದಿನ: ಪ್ರಾಣಿಗಳು ಹೋಗಿ ದೋಸೆ ಬಂತು

ಇನ್‌ಹೆರಿಟೆನ್ಸ್‌ಗೆ ನಾನು ಮೊದಲು ಇಟ್ಟಿದ್ದ ಉದಾಹರಣೆ ಎಲ್ಲರೂ ಇಡುವಂಥದ್ದೇ: ಪ್ರಾಣಿ ಎಂಬ ಮೂಲ ಕ್ಲಾಸ್, ಅದರ ಕೆಳಗೆ ನಾಯಿ ಮತ್ತು ಬೆಕ್ಕು. ಸಭೆಯಲ್ಲಿ ಕುಳಿತವರಲ್ಲಿ ಯಾರೂ ಕೆಲಸದಲ್ಲಿ ನಾಯಿಯ ಕ್ಲಾಸ್ ಬರೆದಿರುವುದಿಲ್ಲ. ಅದರ ಬದಲು ಮುಂಬೈಯವರೆಲ್ಲರೂ ತಿಂದಿರುವ, ನನ್ನ ಮನೆತನದ ಅರ್ಧದಷ್ಟು ಜನ ಮಾರಿರುವ ವಸ್ತುವನ್ನೇ ಹಿಡಿದೆ. ಉಡುಪಿ ಹೋಟೆಲಿನ ಬಿಲ್ಲಿಂಗ್ ಪ್ರೋಗ್ರಾಂ ಒಂದನ್ನು ಕಟ್ಟುತ್ತಾ ಹೋಗುವುದು, ಅದರಲ್ಲಿ ದೋಸೆ ಮೂಲ ಕ್ಲಾಸ್ ಆಗುವುದು, ಅದರಿಂದ ಮಸಾಲೆ ದೋಸೆ ಮತ್ತು ರವಾ ದೋಸೆ ಇಳಿದು ಬರುವುದು, ಮಸಾಲೆ ದೋಸೆಯಿಂದ ಮೈಸೂರು ಮಸಾಲೆ ಮತ್ತು ಜೈನ್ ಮಸಾಲೆ ಹುಟ್ಟುವುದು, ರವಾ ಮತ್ತು ಮಸಾಲೆ ಎರಡರಿಂದಲೂ ರವಾ ಮಸಾಲೆ ಬರುವುದು ಎಂದು ಯೋಜಿಸಿದೆ. ಎರಡು ರಾತ್ರಿಗಳಲ್ಲಿ 143 ಸಾಲು ಕೋಡ್ ಆಯಿತು, ಓಡಿತು, ಬಿಲ್ಲೂ ಸರಿಯಾಗಿ ಬಂತು. ವಂಶವೃಕ್ಷದಂಥ ಚಿತ್ರವನ್ನು ಒಂದು ಎ4 ಹಾಳೆಯಲ್ಲಿ ಮುದ್ರಿಸಿಕೊಂಡೆ. ನೋಡಲು ಬಹಳ ಅಂದವಾಗಿತ್ತು.

ಇನ್ನು 27 ದಿನ: ಮಾಟುಂಗಾದಲ್ಲಿ ಮರ ಮುರಿದದ್ದು

ಇಡೀ ಕೆಲಸದಲ್ಲಿ ಇದೇ ದೊಡ್ಡ ಹಂತ. ಇದನ್ನು ನಾನು 42 ದಿನ ಉಳಿದಿದ್ದಾಗಲೇ ಮಾಡಬೇಕಿತ್ತು.

ನನ್ನ ಸೋದರಮಾವ ಮಾಟುಂಗಾದ ಹೋಟೆಲೊಂದರಲ್ಲಿ 31 ವರ್ಷ ಮ್ಯಾನೇಜರ್ ಆಗಿ ನಿವೃತ್ತರಾದವರು. ಭಾನುವಾರ ಊಟಕ್ಕೆ ಹೋದಾಗ ಹಾಳೆಯನ್ನು ಅವರ ಮುಂದೆ ಹರಡಿ, ಕ್ಲಾಸ್ ಎಂದರೆ ಅಚ್ಚು, ಆಬ್ಜೆಕ್ಟ್ ಎಂದರೆ ತಟ್ಟೆಗೆ ಬಂದ ದೋಸೆ, ಇನ್‌ಹೆರಿಟೆನ್ಸ್ ಎಂದರೆ ಮೇಲಿನದರ ಗುಣ ಕೆಳಗಿನದಕ್ಕೆ ಬರುವುದು ಎಂದು ವಿವರಿಸಿದೆ. ಅವರು ಕನ್ನಡಕ ಏರಿಸಿಕೊಂಡು, ಇದು ಮಕ್ಕಳಸಂತಾನವೋ ಅಳಿಯಸಂತಾನವೋ ಎಂದು ಮೊದಲು ಕೇಳಿದರು. ನಾನು ನಗುತ್ತಿರುವಾಗಲೇ ಅವರ ಬೆರಳು ರವಾ ಮಸಾಲೆಯ ಮೇಲೆ ನಿಂತಿತ್ತು.

ರವಾ ದೋಸೆಯ ಹಿಟ್ಟು ನೀರಾಗಿರುತ್ತದೆ. ಅದನ್ನು ಕಾವಲಿಯ ಮೇಲೆ ಚಿಮ್ಮಿ ಹೊಯ್ಯುತ್ತಾರೆಯೇ ಹೊರತು ಸೌಟಿನಿಂದ ತಿರುವಿ ಹರಡುವುದಿಲ್ಲ. ನನ್ನ ಕೋಡಿನಲ್ಲಿ ರವಾ ಮತ್ತು ಮಸಾಲೆ ಎರಡೂ ಕ್ಲಾಸ್‌ಗಳಿಗೆ ಹಿಟ್ಟು ಹಾಕುವ ಮೆಥಡ್ (ಒಂದು ಕೆಲಸ ಮಾಡಲು ಕ್ಲಾಸಿನೊಳಗೆ ಬರೆದ ಕೋಡ್) ಬೇರೆಬೇರೆಯಾಗಿತ್ತು, ಮತ್ತು ರವಾ ಮಸಾಲೆಯ ತಂದೆತಾಯಿಗಳನ್ನು ಬರೆಯುವಾಗ ಮಸಾಲೆಯನ್ನು ಮೊದಲು ಬರೆದಿದ್ದೆ. ಪೈಥಾನ್ ಎಡದಿಂದ ಹುಡುಕಿಕೊಂಡು ಹೋಗಿ ಮಸಾಲೆಯ ಮೆಥಡನ್ನೇ ಹಿಡಿದಿತ್ತು. ಅಂದರೆ ನನ್ನ ಅಡುಗೆಮನೆ ಸುಮಾರು ಒಂದು ವಾರದಿಂದ ರವಾ ಹಿಟ್ಟನ್ನು ಸೌಟಿನಿಂದ ಹರಡುತ್ತಿತ್ತು, ಬಿಲ್ಲಿನ ಮೊತ್ತ ಮಾತ್ರ ಸರಿಯಾಗಿ ಬರುತ್ತಿದ್ದುದರಿಂದ ನನಗೆ ಅದು ಕಂಡಿರಲಿಲ್ಲ. ವಜ್ರಾಕೃತಿಯ ಇನ್‌ಹೆರಿಟೆನ್ಸ್ (ಒಂದೇ ಮೂಲದ ಎರಡು ಕ್ಲಾಸ್‌ಗಳಿಂದ ಇನ್ನೊಂದು ಇಳಿದು ಬರುವುದು) ಎಂಬ ಪುಸ್ತಕದ ಸಮಸ್ಯೆ ನನ್ನ ಕಾವಲಿಯ ಮೇಲೇ ಕುಳಿತಿತ್ತು.

ಆಮೇಲೆ ಅವರು ಜೈನ್ ಮಸಾಲೆಗೆ ಬಂದರು. ಆ ಕ್ಲಾಸಿನಲ್ಲಿ ನಾನು ಮಾಡಿದ್ದು ಇಷ್ಟೇ: ಆಲೂಗಡ್ಡೆ ಪಲ್ಯ ಕೊಡುವ ಮೆಥಡನ್ನು ಬದಲಿಸಿ ಬರೆದು, ಅದನ್ನು ಕರೆದರೆ ದೋಷ ಎಸೆಯುವಂತೆ (ದೋಷ ತಿಳಿಸಿ ನಿಲ್ಲುವಂತೆ) ಮಾಡಿ, ಬೇರೊಂದು ಮೆಥಡಿನಲ್ಲಿ ಬಾಳೆಕಾಯಿ ಪಲ್ಯ ಇಟ್ಟಿದ್ದೆ.

“ಆಲೂಗಡ್ಡೆ ತೆಗೆದರೆ ಜೈನ್ ಆಗುವುದಿಲ್ಲ ಮಾರಾಯ. ಕೆಂಪು ಚಟ್ನಿಯ ಬೆಳ್ಳುಳ್ಳಿ ಏನಾಯಿತು? ಸಾಂಬಾರಿನ ಈರುಳ್ಳಿ? ಬಿಳಿ ಚಟ್ನಿಗೆ ಶುಂಠಿ ಹಾಕುವವರೂ ಇದ್ದಾರೆ. ಜೈನ್ ಅಂತ ಚೀಟಿ ಬಂದರೆ ಭಟ್ಟರು ದೋಸೆ ಒಂದನ್ನೇ ನೋಡುವುದಿಲ್ಲ, ಇಡೀ ತಟ್ಟೆ ನೋಡುತ್ತಾರೆ” ಎಂದರು.

ಜೈನರಿಗೆ ನೆಲದೊಳಗೆ ಬೆಳೆಯುವ ಗೆಡ್ಡೆಗಳು ವರ್ಜ್ಯವೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಮುಂಬೈಯಲ್ಲಿ ಹುಟ್ಟಿ ಬೆಳೆದವನಿಗೆ ಅದು ಗೊತ್ತಿರಲೇಬೇಕು. ಆದರೂ ಅದನ್ನು ಕೋಡಿನಲ್ಲಿ ಬರೆಯುವಾಗ ನಾನು ಮೆನು ಕಾರ್ಡ್ ನೋಡಿ ಬರೆದಿದ್ದೆ, ಅಡುಗೆಮನೆ ನೋಡಿ ಬರೆದಿರಲಿಲ್ಲ. ಕಾರ್ಡಿನಲ್ಲಿ ಜೈನ್ ಮಸಾಲೆ ಎಂಬುದು ದೋಸೆಯ ಇನ್ನೊಂದು ಬಗೆಯಂತೆ ಕಾಣುತ್ತದೆ. ಅಡುಗೆಮನೆಯಲ್ಲಿ ಅದು ಆರ್ಡರಿಗೆ ಹಾಕಿದ ನಿಬಂಧನೆ. ಇಡ್ಲಿಗೂ ಉಪ್ಪಿಟ್ಟಿಗೂ ಪಾವ್‌ಭಾಜಿಗೂ ಅದನ್ನು ಹಾಕಬಹುದು. ನನ್ನ ದಾರಿಯಲ್ಲೇ ಹೋಗಿದ್ದರೆ ಜೈನ್ ಇಡ್ಲಿ, ಜೈನ್ ಉಪ್ಪಿಟ್ಟು ಎಂದು ಪ್ರತಿಯೊಂದಕ್ಕೂ ಒಂದೊಂದು ಕ್ಲಾಸ್ ಬರೆಯುತ್ತಾ ಕೂರಬೇಕಾಗಿತ್ತು.

ಹಾಳೆಯ ಹಿಂಬದಿಯಲ್ಲಿ ಅವರೇ ಪೆನ್ನಿನಿಂದ ಒಂದು ತಟ್ಟೆ ಬರೆದು, ಒಳಗೆ ಮೂರು ಸೊನ್ನೆ ಸುತ್ತಿ, ಪಕ್ಕದಲ್ಲಿ ದೋಸೆ ಎಂದು ಬರೆದರು. ಆ ಚಿತ್ರವನ್ನು ಹಾಗೆಯೇ ಫೋಟೋ ತೆಗೆದು ಉಪನ್ಯಾಸದ 11ನೇ ಸ್ಲೈಡ್ ಮಾಡಿಕೊಂಡೆ.

ಇನ್ನು 26ರಿಂದ 19 ದಿನ: ಹೊಸದಾಗಿ ಕಟ್ಟಿದ್ದು

ಹಳೆಯ ಮರವನ್ನು ಎಸೆಯಲಿಲ್ಲ. ಅದನ್ನು ಉಪನ್ಯಾಸದ ಮೊದಲರ್ಧ ಮಾಡಿ, ಮಾವನ ಎರಡು ಪ್ರಶ್ನೆಗಳಿಂದ ಅದು ಹೇಗೆ ಮುರಿಯಿತು ಎಂಬುದನ್ನೇ ನಡುವಿಗೆ ತಂದು, ದ್ವಿತೀಯಾರ್ಧದಲ್ಲಿ ಕಾಂಪೊಸಿಶನ್‌ನಿಂದ (ಬಿಡಿ ಭಾಗಗಳನ್ನು ಜೋಡಿಸುವುದರಿಂದ) ಮತ್ತೆ ಕಟ್ಟುವುದು ಎಂದು ತೀರ್ಮಾನಿಸಿದೆ. ನಾಲ್ಕು ಕಂಬಗಳ ಕ್ರಮ ಅಲ್ಲಿಗೆ ಮುಗಿಯಿತು.

ಹೊಸ ರಚನೆಯಲ್ಲಿ ದೋಸೆ ಒಂದೇ ಕ್ಲಾಸ್. ಅದಕ್ಕೆ ಹಿಟ್ಟು, ಕೊಬ್ಬು, ಪಲ್ಯ, ಕೆಂಪು ಚಟ್ನಿ, ಚೀಸ್ ಎಂಬ ಭಾಗಗಳನ್ನು ಹೊರಗಿನಿಂದ ಕೊಡುತ್ತೇವೆ. ಲೆಕ್ಕ ಹೀಗಿದೆ: ಹಿಟ್ಟು 3 ಬಗೆ (ಅಕ್ಕಿ-ಉದ್ದು, ರವೆ, ರಾಗಿ), ಕೊಬ್ಬು 3 ಬಗೆ (ಎಣ್ಣೆ, ತುಪ್ಪ, ಬೆಣ್ಣೆ), ಪಲ್ಯ 3 ಸ್ಥಿತಿ (ಇಲ್ಲ, ಆಲೂಗಡ್ಡೆ, ಬಾಳೆಕಾಯಿ), ಕೆಂಪು ಚಟ್ನಿ ಉಂಟು ಅಥವಾ ಇಲ್ಲ, ಚೀಸ್ ಉಂಟು ಅಥವಾ ಇಲ್ಲ. ಇನ್‌ಹೆರಿಟೆನ್ಸ್‌ನಲ್ಲಿ ಪ್ರತಿ ಜೋಡಣೆಗೂ ಒಂದು ಕ್ಲಾಸ್ ಬರೆದರೆ 3 × 3 × 3 × 2 × 2, ಅಂದರೆ 108 ಕ್ಲಾಸ್‌ಗಳು. ಭಾಗಗಳಾಗಿ ಬರೆದರೆ ‘ಇಲ್ಲ’ ಎಂಬುದಕ್ಕೆ ಕ್ಲಾಸ್ ಬೇಡವಾದ್ದರಿಂದ 10 ಸಣ್ಣ ಕ್ಲಾಸ್‌ಗಳು ಮತ್ತು ಅವನ್ನು ಹಿಡಿದುಕೊಳ್ಳುವ ದೋಸೆ ಒಂದು, ಒಟ್ಟು 11. ಹಿಟ್ಟು ಹಾಕುವ ಮೆಥಡ್ ಈಗ ಹಿಟ್ಟಿನ ಬಳಿಯೇ ಇರುವುದರಿಂದ ರವೆ ತಾನಾಗಿ ಚಿಮ್ಮುತ್ತದೆ.

ತಟ್ಟೆ ಎಂಬುದು ಹೊಸ ಕ್ಲಾಸ್. ಅದರಲ್ಲಿ ದೋಸೆ, ಸಾಂಬಾರು, ಚಟ್ನಿ ಇರುತ್ತವೆ. ಪ್ರತಿಯೊಂದು ಭಾಗವೂ ತನ್ನಲ್ಲಿ ಏನೇನು ಇದೆ ಎಂದು ಕೇಳಿದರೆ ಹೇಳಬಲ್ಲದು. ಜೈನ್ ಎಂಬ ನಿಬಂಧನೆ ಇಡೀ ತಟ್ಟೆಯನ್ನು ಕೇಳಿ, ಬಂದ ಪಟ್ಟಿಯಲ್ಲಿ ಗೆಡ್ಡೆ ಇದ್ದರೆ ಯಾವ ಬಟ್ಟಲಿನಲ್ಲಿ ಇದೆ ಎಂದು ಹೆಸರಿಸಿ ತಟ್ಟೆಯನ್ನು ಹಿಂದಕ್ಕೆ ಕಳಿಸುತ್ತದೆ. ಇದನ್ನು ಮೊದಲ ಸಲ ಓಡಿಸಿದಾಗ ಬಾಳೆಕಾಯಿ ಪಲ್ಯದ ದೋಸೆಯೇ ತಿರಸ್ಕೃತವಾಯಿತು. ನನ್ನ ಬಾಳೆಕಾಯಿ ಪಲ್ಯದ ಒಗ್ಗರಣೆಯಲ್ಲಿ ಈರುಳ್ಳಿ ಬರೆದಿದ್ದೆ. ಕೋಡ್ ನನಗಿಂತ ಚೆನ್ನಾಗಿ ಅಡುಗೆ ಬಲ್ಲದಾಗಿತ್ತು.

ಅಲನ್ ಕೇ 1998ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ, ಜನರ ಗಮನ ಆಬ್ಜೆಕ್ಟ್‌ಗಳ ಮೇಲೆ ಹೋಯಿತು, ದೊಡ್ಡ ವಿಚಾರ ಇದ್ದದ್ದು ಸಂದೇಶ ಕಳಿಸುವುದರಲ್ಲಿ ಎಂಬರ್ಥದ ಮಾತಿದೆ. ಅದಕ್ಕೆ ಈ ರಚನೆ ಚೆನ್ನಾಗಿ ಒಗ್ಗಿತು. ಮಾಣಿ ಅಡುಗೆಮನೆಯೊಳಗೆ ಹೋಗಿ ಡಬ್ಬಿ ತೆರೆಯುವುದಿಲ್ಲ. ಬಾಗಿಲಲ್ಲಿ ನಿಂತು ‘ಎರಡು ಮಸಾಲೆ, ಒಂದು ಜೈನ್’ ಎಂದು ಕೂಗುತ್ತಾನೆ, ಉಳಿದದ್ದು ಒಳಗಿನವರ ಕೆಲಸ. ಇದಕ್ಕೆ ಒಂದು ಸ್ಲೈಡ್, 50 ಸೆಕೆಂಡ್.

ಇನ್ನು 18 ದಿನ: ಕನ್ನಡ ಹೆಸರುಗಳ ಸಾಹಸ, ವಿಫಲ

ಪೈಥಾನ್ 3ರಲ್ಲಿ ಕ್ಲಾಸ್ ಮತ್ತು ವೇರಿಯಬಲ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು. ಒಂದು ಸ್ಲೈಡಿನಲ್ಲಾದರೂ ‘ದೋಸೆ’ ಎಂಬ ಕ್ಲಾಸ್ ದೋಸೆಯಾಗಿಯೇ ಕಾಣಲಿ ಎಂಬ ಆಸೆಯಿಂದ ಹೆಸರುಗಳನ್ನು ಬದಲಾಯಿಸಿದೆ. ದೋಸೆ, ತಟ್ಟೆ, ಪಲ್ಯ, ಚಟ್ನಿ ಎಲ್ಲವೂ ಓಡಿದವು. ‘ಆರ್ಡರ್‌ಪಟ್ಟಿ’ ಎಂದು ಬರೆದ ಕೂಡಲೇ ಸಿಂಟ್ಯಾಕ್ಸ್ (ಬರವಣಿಗೆಯ ನಿಯಮದ) ದೋಷ ಬಂತು: ಅಮಾನ್ಯವಾದ, ಕಣ್ಣಿಗೆ ಕಾಣದ ಅಕ್ಷರ ಯು+200ಸಿ. ಅರ್ಧ ಗಂಟೆ ಹುಡುಕಿದ ಮೇಲೆ ತಿಳಿದದ್ದೇನೆಂದರೆ, ರ್ ಮತ್ತು ಪ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಮ್ಮ ಕೀಲಿಮಣೆಯಲ್ಲಿ ನಡುವೆ ಹಾಕುವ ಶೂನ್ಯ ಅಗಲದ ತಡೆಯಕ್ಷರವನ್ನು ಪೈಥಾನ್ ಹೆಸರಿನೊಳಗೆ ಒಪ್ಪುವುದಿಲ್ಲ. ಅದನ್ನು ತೆಗೆದರೆ ಹೆಸರು ‘ಆರ್ಡರ್ಪಟ್ಟಿ’ ಆಗುತ್ತದೆ, ಓಡುತ್ತದೆ, ಆದರೆ ಓದಲು ಬಾರದು.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿ ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಒಂದೊಂದು ಕೋಣೆ ಕೊಡುವುದರಿಂದ ‘ಚಟ್ನಿ’ಯ ಒತ್ತು ಒಂದು ಕೋಣೆಯಲ್ಲಿ, ಗುಡಿಸು ಇನ್ನೊಂದರಲ್ಲಿ ಬಿದ್ದು, ಪರದೆಯ ಮೇಲೆ ಯಾರಿಗೂ ಗುರುತು ಸಿಗದ ಚಿತ್ರವಾಯಿತು. ಮೂರು ಫಾಂಟ್‌ಗಳನ್ನು ಹಾಕಿ ನೋಡಿ, ಮೂರು ಸಂಜೆಗಳನ್ನು ಕಳೆದು, ಹೆಸರುಗಳನ್ನು ಇಂಗ್ಲಿಷ್ ಲಿಪಿಗೆ ಮರಳಿಸಿದೆ. ಉಪನ್ಯಾಸದ ಭಾಷೆ ಹೇಗೂ ಇಂಗ್ಲಿಷ್ ಆಗಿತ್ತು. ಈ ಮೂರು ಸಂಜೆಗಳ ಖರ್ಚು ನನ್ನ ಖುಷಿಯ ಖಾತೆಗೆ.

ಇನ್ನು 14 ದಿನ: ಏಳನೇ ಮೇಜಿನ ಬಿಲ್ಲು

ವೇದಿಕೆಯ ಮೇಲೆ ಕೋಡ್ ಬರೆದು ತೋರಿಸಬೇಕೆಂಬುದು ಮೊದಲಿನ ಯೋಜನೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ನಾಲ್ಕನೇ ಮೇಜಿಗೆ ಎರಡು ದೋಸೆ, ಏಳನೇ ಮೇಜಿಗೆ ಒಂದು ಕಾಫಿ ಹಾಕಿ ಬಿಲ್ಲು ಕೇಳಿದೆ. ಏಳನೇ ಮೇಜಿನವರಿಗೆ ಎರಡು ದೋಸೆ ಮತ್ತು ಒಂದು ಕಾಫಿಯ ಬಿಲ್ಲು ಬಂತು. ಅವಸರದಲ್ಲಿ ಆರ್ಡರಿನ ಖಾಲಿ ಪಟ್ಟಿಯನ್ನು ಪ್ರತಿ ಆಬ್ಜೆಕ್ಟ್ ಹುಟ್ಟುವಾಗ ಮಾಡುವ ಬದಲು ನೇರವಾಗಿ ಕ್ಲಾಸಿನ ಮೈಯಲ್ಲಿ ಬರೆದಿದ್ದೆ; ಹಾಗೆ ಬರೆದರೆ ಆ ಕ್ಲಾಸಿನ ಎಲ್ಲ ಆಬ್ಜೆಕ್ಟ್‌ಗಳಿಗೂ ಒಂದೇ ಪಟ್ಟಿ, ಇಡೀ ಹೋಟೆಲಿಗೆ ಒಂದೇ ಚೀಟಿ ಎಂಬಂತಾಗುತ್ತದೆ. ಎಂಟು ವರ್ಷ ಪೈಥಾನ್ ಬರೆದವನು ಮಾಡಬಾರದ ತಪ್ಪು ಇದು, ಆದರೆ ಮಾತನಾಡುತ್ತಾ ಟೈಪ್ ಮಾಡುವಾಗ ಕೈ ತನ್ನ ಪಾಡಿಗೆ ಹೋಗುತ್ತದೆ.

ಎರಡು ನಿರ್ಧಾರಗಳು ಅಂದು ಆದವು. ಮೊದಲನೆಯದು, ವೇದಿಕೆಯ ಮೇಲೆ ಒಂದಕ್ಷರವನ್ನೂ ಟೈಪ್ ಮಾಡುವುದಿಲ್ಲ. ಕೋಡನ್ನು ಆರು ಗಿಟ್ ಹಂತಗಳಾಗಿ ಮೊದಲೇ ಇಟ್ಟು, ಒಂದೊಂದು ಆಜ್ಞೆಯಿಂದ ಮುಂದಿನ ಹಂತಕ್ಕೆ ಹೋಗುವಂತೆ ಮಾಡಿದೆ. 9 ನಿಮಿಷ ಹಿಡಿಯುತ್ತಿದ್ದ ಭಾಗ 4 ನಿಮಿಷಕ್ಕೆ ಇಳಿಯಿತು. ಎರಡನೆಯದು, ಏಳನೇ ಮೇಜಿನ ತಪ್ಪನ್ನು ಮೂರನೇ ಹಂತವಾಗಿ ಹಾಗೆಯೇ ಉಳಿಸಿಕೊಂಡೆ. ಸಮ್ಮೇಳನದ ದಿನ ಸಭೆ ಜೋರಾಗಿ ನಕ್ಕದ್ದು ಅಲ್ಲಿ ಮಾತ್ರ.

ಇನ್ನು 11 ದಿನ: ಅಕ್ಷರದ ಗಾತ್ರ

ಸಂಘಟಕರನ್ನು ಕೇಳಿದಾಗ ಪರದೆಯ ಅಗಲ 12 ಅಡಿ, ಕೊನೆಯ ಸಾಲು ಪರದೆಯಿಂದ 60 ಅಡಿ ಎಂದು ತಿಳಿಸಿದರು. ಅಂದರೆ ಕೊನೆಯವರು ಪರದೆಯ ಅಗಲದ ಐದು ಪಟ್ಟು ದೂರದಲ್ಲಿರುತ್ತಾರೆ. ನನ್ನ ಲ್ಯಾಪ್‌ಟಾಪ್ ಪರದೆಯ ಅಗಲ 31 ಸೆಂಟಿಮೀಟರ್. ಅದರ ಐದು ಪಟ್ಟು 155 ಸೆಂಟಿಮೀಟರ್. ಟೇಪು ಹಿಡಿದು ಅಷ್ಟು ದೂರದಲ್ಲಿ ಕುರ್ಚಿ ಇಟ್ಟು ಕುಳಿತೆ. 18 ಪಾಯಿಂಟ್‌ನ ಕೋಡ್ ಓದಲು ಕಣ್ಣು ಕಿರಿದು ಮಾಡಬೇಕಾಯಿತು, ಕಪ್ಪು ಹಿನ್ನೆಲೆಯ ಮೇಲಿನ ಬೂದು ಬಣ್ಣದ ಕಾಮೆಂಟ್‌ಗಳು ಕಾಣಲೇ ಇಲ್ಲ.

ಬಿಳಿ ಹಿನ್ನೆಲೆ, 28 ಪಾಯಿಂಟ್ ಎಂದು ನಿಶ್ಚಯಿಸಿದೆ. ಸ್ಲೈಡಿನ ಅಗಲ 960 ಪಾಯಿಂಟ್, ಎರಡು ಬದಿಯ ಅಂಚು ತೆಗೆದರೆ 880. ಸಮಾನ ಅಗಲದ ಫಾಂಟ್‌ನಲ್ಲಿ ಒಂದಕ್ಷರ ಸುಮಾರು 16.8 ಪಾಯಿಂಟ್ ತಿನ್ನುವುದರಿಂದ ಒಂದು ಸಾಲಿಗೆ 52 ಅಕ್ಷರಗಳು, ಶೀರ್ಷಿಕೆ ಬಿಟ್ಟು ಒಂದು ಸ್ಲೈಡಿಗೆ 11 ಸಾಲುಗಳು. ಈ ಚೌಕಟ್ಟಿಗೆ ಹಿಡಿಯದ ಕೋಡನ್ನೆಲ್ಲ ಕತ್ತರಿಸಿದೆ. ಉಪನ್ಯಾಸ ಸುಧಾರಿಸಿದ್ದರಲ್ಲಿ ಮಾವನ ಪಾಲು ಬಿಟ್ಟರೆ ಈ 11 ಸಾಲುಗಳ ಪಾಲೇ ದೊಡ್ಡದು.

ಇನ್ನು 9 ದಿನ: ಲ್ಯಾಮಿಂಗ್ಟನ್ ರಸ್ತೆ

ನನ್ನ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕಿಂಡಿ ಇಲ್ಲ. ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯಲ್ಲಿ 450 ರೂಪಾಯಿಗೆ ಒಂದು ಯುಎಸ್‌ಬಿ-ಸಿ ಅಡಾಪ್ಟರ್ ತಂದೆ. ಮನೆಯ ಟಿವಿಯಲ್ಲಿ ಸರಿಯಾಗಿತ್ತು. ಕಚೇರಿಯ ಪ್ರೊಜೆಕ್ಟರಿಗೆ ಹಾಕಿದಾಗ ಎರಡು ಮೂರು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿ ಮರಳುತ್ತಿತ್ತು. ಎರಡನೆಯ ಸಲ ಹೋಗಿ 1,250 ರೂಪಾಯಿಯದನ್ನು, ಅಂಗಡಿಯಲ್ಲೇ 20 ನಿಮಿಷ ನಿಂತು ಮಾನಿಟರಿಗೆ ಹಾಕಿ ನೋಡಿ ತಂದೆ. ಅದು ಕೈಕೊಡಲಿಲ್ಲ.

ಇನ್ನು 6 ದಿನ: ಸಹೋದ್ಯೋಗಿಗಳ ಮುಂದೆ, ಮತ್ತು ಎರಡನೆಯ ಮುರಿತ

ಐವರು ಸಹೋದ್ಯೋಗಿಗಳನ್ನು ಭಾನುವಾರ ಮನೆಗೆ ಕರೆದು, ದೋಸೆ ತರಿಸಿ ಕೂರಿಸಿ, ಪೂರ್ತಿ ಉಪನ್ಯಾಸ ಕೊಟ್ಟೆ. ಸಮಯ 32 ನಿಮಿಷ 10 ಸೆಕೆಂಡ್. ಅದು ಚಿಂತೆಯ ಮಾತಾಗಿರಲಿಲ್ಲ.

ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೊವ್ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕುರಿತ 1987ರ ಊಪ್ಸ್ಲಾ ಸಮ್ಮೇಳನದ ಭಾಷಣದಲ್ಲಿ ಮುಂದಿಟ್ಟ ತತ್ವವನ್ನು ನಾನು ಜೈನ್ ಮಸಾಲೆಗೆ ಹಚ್ಚಿದ್ದೆ. ಮೂಲ ಕ್ಲಾಸಿನ ಆಬ್ಜೆಕ್ಟ್ ಇರುವಲ್ಲಿ ಉಪಕ್ಲಾಸಿನದನ್ನು ಇಟ್ಟರೂ ಪ್ರೋಗ್ರಾಂ ನಡೆಯಬೇಕು ಎಂಬುದು ಅದರ ಸಾರ. ದಾಸ್ತಾನಿನ ಲೆಕ್ಕ ಪ್ರತಿ ಮಸಾಲೆ ದೋಸೆಗೆ 80 ಗ್ರಾಂ ಆಲೂಗಡ್ಡೆ ಪಲ್ಯವನ್ನು ಕಳೆಯುತ್ತದೆ, ಜೈನ್ ಮಸಾಲೆ ಬಂದಾಗ ಆ ಮೆಥಡ್ ದೋಷ ಎಸೆದು ಸಂಜೆಯ ಲೆಕ್ಕ ನಿಲ್ಲುತ್ತದೆ, ಆದ್ದರಿಂದ ಜೈನ್ ಮಸಾಲೆಯು ಮಸಾಲೆ ದೋಸೆಯ ಉಪಕ್ಲಾಸ್ ಆಗಲಾರದು ಎಂದು ಘೋಷಿಸಿದೆ.

ತಂಡದ ಅತಿ ಕಿರಿಯ ಹುಡುಗಿ, ಸೇರಿ ಏಳು ತಿಂಗಳಾಗಿತ್ತು, ಕೈ ಎತ್ತಿದಳು. ಮಸಾಲೆ ದೋಸೆಯ ಕ್ಲಾಸ್ ಆಲೂಗಡ್ಡೆ ಪಲ್ಯ ಕೊಡುತ್ತೇನೆ ಎನ್ನುವ ಬದಲು ಯಾವುದಾದರೊಂದು ಪಲ್ಯ ಕೊಡುತ್ತೇನೆ ಎಂದಷ್ಟೇ ಮಾತು ಕೊಟ್ಟಿದ್ದರೆ ಬಾಳೆಕಾಯಿಯಲ್ಲಿ ತಪ್ಪೇನಿದೆ ಎಂದು ಕೇಳಿದಳು. ತಪ್ಪೇನೂ ಇರಲಿಲ್ಲ. ದೋಷ ಮಗನದಲ್ಲ, ಅಪ್ಪ ಕೊಟ್ಟ ಮಾತಿನದು. ಲಿಸ್ಕೊವ್ ತತ್ವ ಯಾವ ಕ್ಲಾಸಿನ ಅಡಿಯಲ್ಲಿ ಯಾವುದು ಬರಬಾರದು ಎಂದು ತಾನಾಗಿ ಹೇಳುವುದಿಲ್ಲ. ಮೂಲ ಕ್ಲಾಸ್ ಏನು ಮಾತು ಕೊಟ್ಟಿದೆ ಎಂಬುದನ್ನು ನೋಡಿಯೇ ಹೇಳಬೇಕು. ನಾನು ಆ ಮಾತನ್ನು ಎಲ್ಲಿಯೂ ಬರೆದಿರಲಿಲ್ಲ. ಜೈನ್ ಎಂಬುದು ಉಪಕ್ಲಾಸ್ ಆಗಬಾರದೆಂಬುದಕ್ಕೆ ನಿಜವಾದ ಕಾರಣ ಮಾವ ಕೊಟ್ಟದ್ದು, ಅಂದರೆ ಅದು ಇಡೀ ತಟ್ಟೆಗೆ ಸಂಬಂಧಿಸಿದ್ದು ಎಂಬುದು. ಎರಡು ಬೇರೆ ಬೇರೆ ಕಾರಣಗಳನ್ನು ನಾನು ಒಂದೇ ಸ್ಲೈಡಿನಲ್ಲಿ ಕಲಸಿದ್ದೆ.

ಅಂದು ರಾತ್ರಿ ಎರಡು ಗಂಟೆಯವರೆಗೆ ಕುಳಿತು ಆ ಸ್ಲೈಡನ್ನು ಮೂರಾಗಿ ಒಡೆದೆ: ಆಲೂಗಡ್ಡೆಯ ಮಾತು ಮತ್ತು ನಿಂತ ಲೆಕ್ಕ, ಯಾವುದಾದರೊಂದು ಪಲ್ಯದ ಮಾತು ಮತ್ತು ನಡೆಯುವ ಲೆಕ್ಕ, ಆದರೂ ಉಳಿದ ಸಾಂಬಾರಿನ ಈರುಳ್ಳಿ. ಇದಕ್ಕೆ ಜಾಗ ಮಾಡಲು ವಜ್ರಾಕೃತಿಯ ವಿವರಣೆಯನ್ನು ಒಂದೇ ವಾಕ್ಯಕ್ಕೆ ಇಳಿಸಿದೆ. ಒಟ್ಟು 23 ಸ್ಲೈಡ್‌ಗಳು, 28 ನಿಮಿಷ 30 ಸೆಕೆಂಡ್.

ಖರ್ಚು

ಎರಡು ಅಡಾಪ್ಟರ್ 1,700, ಸ್ಲೈಡ್ ತಿರುಗಿಸುವ ರಿಮೋಟ್ 700, ಅದರ ಸೆಲ್ಲುಗಳು 60, ಮುದ್ರಣ 130, ಸಹೋದ್ಯೋಗಿಗಳ ದೋಸೆ 620, ನೋಟ್‌ಬುಕ್ 70. ಒಟ್ಟು 3,280 ರೂಪಾಯಿ. ಇದರಲ್ಲಿ ದಂಡವಾದದ್ದು ಮೊದಲ ಅಡಾಪ್ಟರಿನ 450.

ಸಮ್ಮೇಳನದ ದಿನ

ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಚಕಾಲಾ. ನನ್ನ ಸರದಿ 11:30ಕ್ಕೆ ಇದ್ದರೂ 9 ಗಂಟೆಗೇ ತಲುಪಿ, ಸಭಾಂಗಣ ಖಾಲಿ ಇರುವಾಗ ಪರದೆಗೆ ಹಾಕಿ ನೋಡಿ, ಕೊನೆಯ ಸಾಲಿಗೆ ನಡೆದು ಹೋಗಿ ಓದಿದೆ. ಓದಲು ಬಂತು.

ಎಡವಟ್ಟು ಬೇರೆ ಕಡೆಯಿಂದ ಬಂತು. ನನಗಿಂತ ಹಿಂದಿನ ಉಪನ್ಯಾಸಕರಿಗಾಗಿ ತಂತ್ರಜ್ಞರು ಜೋಡಣೆಯನ್ನು ಬದಲಾಯಿಸಿದ್ದರು, ನನ್ನ ಸರದಿ ಬಂದಾಗ ಎರಡೂ ಪರದೆಗಳು ಅದಲುಬದಲಾಗಿ, ನನಗೆ ಮಾತ್ರ ಕಾಣಬೇಕಾದ ಟಿಪ್ಪಣಿ 12 ಅಡಿ ಅಗಲದಲ್ಲಿ ಸಭೆಗೆ ಕಂಡಿತು. ಮೊದಲ ಸ್ಲೈಡಿನ ಟಿಪ್ಪಣಿ ‘ನಿಧಾನ. ನೀರು ಕುಡಿ’ ಎಂದಿತ್ತು. ಕನ್ನಡದಲ್ಲಿ ಇದ್ದದ್ದು ಅರ್ಧ ಮಾನ ಉಳಿಸಿತು. ಓದಲು ಬಂದ ನಾಲ್ಕೈದು ಜನ ಮಧ್ಯದ ಸಾಲಿನಿಂದ ನಕ್ಕದ್ದು ಕೇಳಿಸಿತು, ಊಟದ ಹೊತ್ತಿನಲ್ಲಿ ಅವರಲ್ಲಿ ಇಬ್ಬರು ಬಂದು ಯಾವ ಊರಿನವರು ಎಂದು ವಿಚಾರಿಸಿಕೊಂಡರು. ಪರದೆ ಸರಿಪಡಿಸಲು 40 ಸೆಕೆಂಡ್ ಹೋಯಿತು. ಉಳಿದಂತೆ ಎಲ್ಲವೂ ನಡೆಯಿತು. 29 ನಿಮಿಷ 15 ಸೆಕೆಂಡ್.

ಪ್ರಶ್ನೋತ್ತರದಲ್ಲಿ ನಾನು ಸಿಕ್ಕಿಬಿದ್ದೆ. ಹತ್ತು ಸಣ್ಣ ಕ್ಲಾಸ್‌ಗಳಲ್ಲಿ ರವೆಯ ಹಿಟ್ಟು ಹಾಕುವ ಮೆಥಡ್ ಬಿಟ್ಟರೆ ಉಳಿದವುಗಳಿಗೆ ತಮ್ಮದೇ ಆದ ನಡವಳಿಕೆ ಇಲ್ಲ, ಬರೀ ಹೆಸರು, ಬೆಲೆ, ಘಟಕಗಳ ಪಟ್ಟಿ ಇವೆ. ಅವಕ್ಕೆ ಕ್ಲಾಸ್ ಏಕೆ, ಸಾದಾ ದತ್ತಾಂಶ ಸಾಲದೇ ಎಂದು ಒಬ್ಬರು ಕೇಳಿದರು. ಸಾಕು, ನಾನು ಅದನ್ನು ಯೋಚಿಸಿರಲಿಲ್ಲ ಎಂದು ಒಪ್ಪಿಕೊಂಡೆ.

ಆಮೇಲೆ

ಮರುದಿನ ಹಾಗೆಯೇ ಮಾಡಿ ನೋಡಿದೆ. ಹತ್ತರ ಬದಲು ‘ಭಾಗ’ ಎಂಬ ಒಂದೇ ಡೇಟಾಕ್ಲಾಸ್ (ಮುಖ್ಯವಾಗಿ ದತ್ತಾಂಶ ಹಿಡಿದಿಡುವ ಕ್ಲಾಸ್), ಹಿಟ್ಟು ಹಾಕುವ ವಿಧಾನಕ್ಕೆ ಎರಡು ಸಾದಾ ಫಂಕ್ಷನ್‌ಗಳು, ತಟ್ಟೆ ಮತ್ತು ನಿಬಂಧನೆ ಮೊದಲಿನಂತೆಯೇ. 143 ಸಾಲಿನಿಂದ ಆರಂಭವಾದದ್ದು 61 ಸಾಲಿಗೆ ಬಂದು ನಿಂತಿತು, ಎಲ್ಲ ಪರೀಕ್ಷೆಗಳೂ ದಾಟಿದವು. ಹೊಸ ಚಿತ್ರವನ್ನು ಮಾವನಿಗೆ ಫೋನಿನಲ್ಲಿ ಕಳಿಸಿದೆ. ಅವರು ಸಂಜೆ ಕರೆ ಮಾಡಿ, ಎಲ್ಲವೂ ಸರಿ, ಆದರೆ ಪಾರ್ಸೆಲ್‌ನಲ್ಲಿ ದೋಸೆ ಮೆತ್ತಗಾಗಬಾರದೆಂದು ಪಲ್ಯವನ್ನು ಬೇರೆ ಪೊಟ್ಟಣ ಕಟ್ಟುತ್ತೇವಲ್ಲ, ಆಗ ಪಲ್ಯ ದೋಸೆಯ ಒಳಗಿದೆಯೋ ತಟ್ಟೆಯಲ್ಲಿದೆಯೋ ಎಂದು ಕೇಳಿದರು. ನನ್ನ ಕೋಡಿನಲ್ಲಿ ಪಲ್ಯ ಇನ್ನೂ ದೋಸೆಯ ಒಳಗೇ ಇದೆ. ಬರುವ ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಮಾಟುಂಗಾಕ್ಕೆ ಹೋಗುತ್ತಿದ್ದೇನೆ.